ಎತ್ತಿಗೆ ಜ್ವರ, ಟರ್ಬೋಗೆ ಬರೆ

"ಸಾರ್, ಟರ್ಬೋ ಹೋಗಿದೆ."

ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತಿದೆ ಎಂದು ಕಾರು ತಂದವರಿಗೆ ಕರ್ನಾಟಕದ ಯಾವ ಊರಿನ ಗ್ಯಾರೇಜಿನಲ್ಲಾದರೂ ಮೊದಲು ಕೇಳಿಸುವ ಮಾತು ಇದೇ. ಬಾನೆಟ್ ಇನ್ನೂ ಎತ್ತಿರುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿರುವುದಿಲ್ಲ. ಹೊಗೆ ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಬರುತ್ತದೋ, ಏರು ಹತ್ತುವಾಗಲೋ, ಇಳಿಜಾರು ಮುಗಿದ ಮೇಲೋ ಎಂದು ಯಾರೂ ಕೇಳಿರುವುದಿಲ್ಲ. ತೀರ್ಪು ಮಾತ್ರ ಆಗಲೇ ಬಂದಿರುತ್ತದೆ. ಬೀದಿ ಬದಿಯ ಶೆಡ್ಡಿನಲ್ಲಿ ಆ ತೀರ್ಪು ಬಾಯಿಮಾತಿನಲ್ಲಿ ಸಿಗುತ್ತದೆ, ಎಸಿ ಹಾಕಿದ ಸರ್ವಿಸ್ ಸೆಂಟರ್‌ನಲ್ಲಿ ಅಚ್ಚಾದ ಎಸ್ಟಿಮೇಟ್ ಆಗಿ ಸಿಗುತ್ತದೆ. ವ್ಯತ್ಯಾಸ ಕಾಗದದ್ದು ಮಾತ್ರ.

ಈ ವಾಕ್ಯ ಎಷ್ಟು ಸಲೀಸಾಗಿ ಒಪ್ಪಿತವಾಗಿದೆಯೆಂದರೆ, "ಹೇಗೆ ಗೊತ್ತಾಯಿತು?" ಎಂದು ಕೇಳುವವನೇ ತರಲೆ ಗಿರಾಕಿ ಎನಿಸಿಕೊಳ್ಳುತ್ತಾನೆ. ಕಾರಿಗೆ ಟರ್ಬೋ ಇದೆ, ಆಯಿಲ್ ಸುಡುತ್ತಿದೆ, ಇನ್ನೇನು ಸಾಕ್ಷಿ ಬೇಕು? ಬೇಕಾದದ್ದು ಬಹಳವಿದೆ. ಏಕೆಂದರೆ ಇದು ಪರೀಕ್ಷೆಯಲ್ಲ, ಊಹೆ. ಆ ಊಹೆಯ ಬೆಲೆ ಹತ್ತಾರು ಸಾವಿರ ರೂಪಾಯಿ, ದುಬಾರಿ ಕಾರುಗಳಲ್ಲಿ ಲಕ್ಷ ದಾಟುತ್ತದೆ. ಊಹೆ ತಪ್ಪಿದರೆ ದುಡ್ಡು ಕಳೆದುಕೊಳ್ಳುವವನು ಊಹಿಸಿದವನಲ್ಲ.

ಇದು ಶ್ರೀಮಂತರ ಕಾರಿನ ತಾಪತ್ರಯ ಎಂದು ತಳ್ಳಿಹಾಕುವ ಕಾಲವೂ ಹೋಯಿತು. 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಡೀಸೆಲ್ 1500 ಸಿಸಿ ಒಳಗೆ ಇದ್ದರೆ ತೆರಿಗೆ ಕಡಿಮೆ ಎಂಬ ನಮ್ಮ ದೇಶದ ನಿಯಮವೇ ಸಣ್ಣ ಎಂಜಿನ್‌ಗೆ ಟರ್ಬೋ ಕೂರಿಸುವ ಪದ್ಧತಿಗೆ ನೀರೆರೆಯಿತು. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾಗಳಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಓಡಿದ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್‌ನಲ್ಲಿ ಟರ್ಬೋ ಇತ್ತು. ಇಂದು ನೆಕ್ಸಾನ್, ವೆನ್ಯೂ, ಫ್ರಾಂಕ್ಸ್‌ಗಳ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲೂ ಇದೆ. ಟ್ಯಾಕ್ಸಿ ಓಡಿಸುವವನು, ಮೇಷ್ಟ್ರು, ಅಡಿಕೆ ವ್ಯಾಪಾರಿ ಎಲ್ಲರೂ ಈಗ ಟರ್ಬೋ ಮಾಲೀಕರೇ. ತಪ್ಪು ತೀರ್ಪಿನ ಬಿಲ್ಲು ಬರುವುದು ಇವರ ಮನೆಗೆ.

ಮೊದಲ ಆರೋಪ: ಟರ್ಬೋ ಬದಲಿಸು ಎನ್ನುವ ಬಹಳಷ್ಟು ಮಂದಿಗೆ ಅದರೊಳಗೆ ಆಯಿಲ್ ಹೇಗೆ ನಿಲ್ಲುತ್ತದೆ ಎಂಬುದೇ ತಿಳಿಯದು.

ಸಣ್ಣ ಕಾರಿನ ಟರ್ಬೋ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ಸುತ್ತಬಲ್ಲದು. ಒಂದು ತುದಿಯಲ್ಲಿ ಕೆಂಪಗೆ ಕಾದ ಟರ್ಬೈನ್, ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಕಂಪ್ರೆಸರ್. ನಡುವೆ ಶಾಫ್ಟ್ ಆಯಿಲ್ ಪದರದ ಮೇಲೆ ತೇಲುತ್ತದೆ. ಅಲ್ಲಿರುವ ಸೀಲ್, ಜನ ಭಾವಿಸಿರುವಂತೆ ರಬ್ಬರ್ ಸೀಲ್ ಅಲ್ಲ. ಪಿಸ್ಟನ್ ರಿಂಗ್‌ನಂಥ ಪುಟ್ಟ ಲೋಹದ ಉಂಗುರ. ಆಯಿಲ್ ಹೊರಗೆ ಹೋಗದಂತೆ ತಡೆಯುವ ಕೆಲಸದಲ್ಲಿ ಆ ಉಂಗುರದಷ್ಟೇ ಪಾಲು ಎರಡೂ ಬದಿಯ ಗಾಳಿಯ ಒತ್ತಡದ್ದು. ಒಳಗೆ ಬಂದ ಆಯಿಲ್ ನೊರೆಯಾಗಿ, ತನ್ನ ಭಾರಕ್ಕೆ ತಾನೇ, ಕೆಳಗಿನ ದಪ್ಪ ಡ್ರೈನ್ ಪೈಪಿನ ಮೂಲಕ ಎಂಜಿನ್ ತಳದ ಆಯಿಲ್ ಚೇಂಬರ್‌ಗೆ ಇಳಿಯಬೇಕು. ಅದನ್ನು ಎಳೆದುಕೊಳ್ಳಲು ಬೇರೆ ಪಂಪ್ ಇಲ್ಲ.

ಹಾಗಾದರೆ ಆ ಡ್ರೈನ್ ಪೈಪ್ ಕಟ್ಟಿಕೊಂಡರೆ? ಗ್ಯಾಸ್ಕೆಟ್ ಜಾಗಕ್ಕೆ ಬಳಿದ ಪೇಸ್ಟ್ ಒಳಗೆ ಉಬ್ಬಿ ಅರ್ಧ ದಾರಿ ಮುಚ್ಚಿದ್ದರೆ? ಸರ್ವಿಸ್‌ನಲ್ಲಿ ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದು ಆಯಿಲ್ ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ? ಚೇಂಬರ್‌ನಲ್ಲಿ ಬ್ಯಾಕ್ ಕಂಪ್ರೆಷನ್ ಹೆಚ್ಚಾಗಿ ಕೆಳಗಿನಿಂದ ಗಾಳಿಯೇ ಮೇಲಕ್ಕೆ ಒತ್ತುತ್ತಿದ್ದರೆ? ಏರ್ ಫಿಲ್ಟರ್ ಧೂಳು ತುಂಬಿ ಉಸಿರುಗಟ್ಟಿ, ಕಂಪ್ರೆಸರ್ ತನ್ನದೇ ಆಯಿಲನ್ನು ಎಳೆಯುತ್ತಿದ್ದರೆ? ಈ ಎಲ್ಲ ಸಂದರ್ಭಗಳಲ್ಲೂ ಏನೂ ಕೆಡದ, ಗಟ್ಟಿಮುಟ್ಟಾದ ಟರ್ಬೋ ಆಯಿಲ್ ಬಿಡುತ್ತದೆ. ಹೊಸ ಟರ್ಬೋ ಕೂರಿಸಿದರೂ ಬಿಡುತ್ತದೆ. ಆಗ ಗ್ಯಾರೇಜಿನವರು ಹೇಳುವ ಸಮಾಧಾನವೂ ಸಿದ್ಧವಿದೆ: "ಪೀಸ್ ಸರಿಯಿಲ್ಲ ಸಾರ್, ಇನ್ನೊಂದು ತರಿಸೋಣ." ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದವರಾದರೂ ಒಂದೇ ಬಾರಿ ಹಾಕಿದ್ದರು.

ಎರಡನೆಯ ಆರೋಪ ಸಾಕ್ಷಿಯ ಹೆಸರಿನಲ್ಲಿ ನಡೆಯುವ ಪ್ರದರ್ಶನದ ಮೇಲೆ. ಇಂಟರ್‌ಕೂಲರ್ ಹೋಸ್ ಬಿಚ್ಚಿ, ಒಳಗೆ ಬೆರಳಾಡಿಸಿ, ಎಣ್ಣೆ ಹತ್ತಿದ ಬೆರಳನ್ನು ಮಾಲೀಕನ ಮುಖದ ಮುಂದೆ ಹಿಡಿಯುವುದು ಇದರ ಮೊದಲ ಅಂಕ. ನೋಡಿದವನು ಸುಮ್ಮನಾಗುತ್ತಾನೆ. ಆದರೆ ಎಂಜಿನ್ನಿನ ಬ್ರೀದರ್ ಪೈಪ್ ಚೇಂಬರ್‌ನ ಎಣ್ಣೆಯಾವಿಯನ್ನು ತಂದು ಬಿಡುವುದು ಎಲ್ಲಿಗೆ? ಟರ್ಬೋ ಬಾಯಿಗೆ. ಅಲ್ಲಿಂದ ಮುಂದಿನ ಪೈಪುಗಳಲ್ಲಿ ತೆಳುವಾದ ಎಣ್ಣೆ ಪದರ ಇರುವುದು ಆರೋಗ್ಯವಂತ ಎಂಜಿನ್ನಿನಲ್ಲೂ ಸಹಜ. ಸುಮ್ಮನೆ ಎಣ್ಣೆ ಇದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಎಷ್ಟಿದೆ, ಎಲ್ಲಿಂದ ಶುರುವಾಗಿದೆ ಎಂಬುದೇ ಪ್ರಶ್ನೆ.

ಎರಡನೇ ಅಂಕ, ಶಾಫ್ಟ್ ಅಲ್ಲಾಡಿಸಿ "ಪ್ಲೇ ಬಂದಿದೆ ನೋಡಿ" ಎನ್ನುವುದು. ಆಯಿಲ್ ಪದರದ ಮೇಲೆ ತೇಲುವ ಬೇರಿಂಗ್ ಇರುವ ಟರ್ಬೋದಲ್ಲಿ, ಎಂಜಿನ್ ನಿಂತು ಆಯಿಲ್ ಇಳಿದ ಮೇಲೆ, ಶಾಫ್ಟ್ ಅಕ್ಕಪಕ್ಕಕ್ಕೆ ತುಸು ಅಲ್ಲಾಡಲೇಬೇಕು. ಅದು ವಿನ್ಯಾಸದಲ್ಲೇ ಇದೆ. ನೋಡಬೇಕಾದದ್ದು ಬೇರೆ: ಚಕ್ರದ ರೆಕ್ಕೆಗಳು ಹೌಸಿಂಗ್‌ಗೆ ಉಜ್ಜಿದ ಗುರುತಿದೆಯೇ, ರೆಕ್ಕೆ ಮುಕ್ಕಾಗಿದೆಯೇ, ಶಾಫ್ಟ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆಯೇ. ಹಿಂದುಮುಂದಿನ ಚಲನೆ ಕೈಗೆ ಗೊತ್ತಾಗುವಷ್ಟಿದ್ದರೆ ಅನುಮಾನಕ್ಕೆ ನಿಜವಾದ ಆಧಾರವಿದೆ. ಅದನ್ನು ಡಯಲ್ ಗೇಜ್ ಇಟ್ಟು ಅಳೆಯಬೇಕು. ಟರ್ಬೋ ಹೋಗಿದೆ ಎಂದವರಲ್ಲಿ ಎಷ್ಟು ಜನ ಗೇಜ್ ಇಟ್ಟಿದ್ದಾರೆ?

ಇಷ್ಟಕ್ಕೂ, ಆಯಿಲ್ ಬರುತ್ತಿರುವುದು ಟರ್ಬೋದಿಂದಲೋ ಎಂಜಿನ್‌ನಿಂದಲೋ ಎಂದು ಬೇರ್ಪಡಿಸುವುದು ರಾಕೆಟ್ ವಿಜ್ಞಾನವಲ್ಲ. ಹೊಗೆ ಹೋಗುವ ದಾರಿಯಲ್ಲಿ ಟರ್ಬೋಗೆ ಮುಂಚಿನ ಭಾಗ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಒಣಗಿದ್ದು ಟರ್ಬೋ ದಾಟಿದ ಮೇಲಿನ ಪೈಪ್ ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ತಪ್ಪು ಟರ್ಬೋದ್ದು. ಮ್ಯಾನಿಫೋಲ್ಡೇ ಒದ್ದೆಯಾಗಿದ್ದರೆ ಆಯಿಲ್ ಸಿಲಿಂಡರ್‌ನಿಂದಲೇ ಬಂದಿದೆ. ಟರ್ಬೋ ಅದನ್ನು ದಾಟಿಸಿತು ಅಷ್ಟೆ. ಗಾಳಿ ಬರುವ ದಾರಿಗೂ ಇದೇ ತರ್ಕ. ಕಂಪ್ರೆಸರ್‌ಗೆ ಮುಂಚಿನ ಪೈಪಿನಲ್ಲೇ ಎಣ್ಣೆ ನಿಂತಿದ್ದರೆ ಬ್ರೀದರ್ ಕಡೆ ನೋಡಬೇಕು. ಅಲ್ಲಿ ಒಣಗಿದ್ದು ಮುಂದೆ ಮಾತ್ರ ಕೊಚ್ಚೆಯಾಗಿದ್ದರೆ ಟರ್ಬೋ ಕಡೆ. ಇದಕ್ಕೆ ಬೇಕಾದದ್ದು ಒಂದಷ್ಟು ಸ್ಪ್ಯಾನರ್, ಒಂದು ಟಾರ್ಚ್, ಒಂದೆರಡು ಗಂಟೆ ತಾಳ್ಮೆ. ಮೊದಲೆರಡು ಎಲ್ಲ ಗ್ಯಾರೇಜಿನಲ್ಲೂ ಇವೆ.

ಮೂರನೆಯ ಆರೋಪ: ಯಾರೂ ಕೇಳುವುದಿಲ್ಲ. ಹೊಗೆಗೆ ಹೊತ್ತುಗೊತ್ತಿದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ನೀಲಿಯಾಗಿ ಉಗುಳಿ ಆಮೇಲೆ ಶುಭ್ರವಾದರೆ ವಾಲ್ವ್ ಸೀಲ್ ಮೇಲೆ ಮೊದಲ ಅನುಮಾನ. ರಾತ್ರಿ ವಾಲ್ವ್ ಕಾಂಡದ ಉದ್ದಕ್ಕೂ ಜಿನುಗಿದ ಆಯಿಲ್ ಬೆಳಿಗ್ಗೆ ಸುಟ್ಟಿರುತ್ತದೆ. ಪೆಟ್ರೋಲ್ ಕಾರು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಗೇರಿನಲ್ಲೇ ಹಿಡಿದು ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹೊಗೆ ಕಾರಿದರೂ ಅದೇ ಅನುಮಾನ, ಜೊತೆಗೆ ರಿಂಗ್ ಮೇಲೂ. ಇಳಿಯುವಾಗ ಥ್ರಾಟಲ್ ಮುಚ್ಚಿ ಎಂಜಿನ್ ಆಯಿಲನ್ನು ಒಳಕ್ಕೆ ಹೀರಿರುತ್ತದೆ. ಏರಿನಲ್ಲಿ ಭಾರ ಎಳೆಯುವಾಗ ಬಿಡದೆ ಹೊಗೆ ಬಂದರೆ ರಿಂಗ್, ಬೋರ್, ಬ್ರೀದರ್, ಟರ್ಬೋ ನಾಲ್ಕೂ ಸಾಲಿನಲ್ಲಿ ನಿಲ್ಲುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ಐಡಲ್ ನಿಂತು ಹೊರಟಾಗ ಮಾತ್ರ ಬಂದರೆ ವಾಲ್ವ್ ಸೀಲ್ ಇರಬಹುದು, ಟರ್ಬೋ ಡ್ರೈನ್ ಕೂಡ ಇರಬಹುದು. ಈ ವಿವರ ಒಂದೇ ತೀರ್ಮಾನ ಕೊಡುವುದಿಲ್ಲ, ನಿಜ. ಎಲ್ಲಿಂದ ಹುಡುಕಬೇಕು ಎಂಬುದನ್ನು ಕೊಡುತ್ತದೆ. ಆ ಪ್ರಶ್ನೆಗಳಿಗೆ ಜಾಬ್ ಕಾರ್ಡಿನಲ್ಲಿ ಜಾಗವೇ ಇಲ್ಲ. ಅಲ್ಲಿ ಬರೆಯುವುದು ಒಂದೇ ಪದ: "ಸ್ಮೋಕ್."

ಬಣ್ಣವನ್ನಾದರೂ ನೋಡುತ್ತಾರೆಯೇ? ನೀಲಿ ಎಂದರೆ ಎಂಜಿನ್ ಆಯಿಲ್. ಬಿಳಿ ಎಂದರೆ ಕೂಲಂಟ್, ಅಥವಾ ಡೀಸೆಲ್ ಕಾರಿನಲ್ಲಿ ಸುಡದೆ ಹೊರಬಿದ್ದ ಇಂಧನ. ಕಪ್ಪು ಎಂದರೆ ಇಂಧನಕ್ಕೆ ತಕ್ಕ ಗಾಳಿ ಇಲ್ಲ. ಬಿರುಕುಬಿಟ್ಟ ಇಂಟರ್‌ಕೂಲರ್ ಹೋಸ್‌ನಿಂದ ಗಾಳಿ ಸೋರಿದರೂ, ಸುಟ್ಟ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದರೂ ಡೀಸೆಲ್ ಕಾರು ಕಪ್ಪು ಹೊಗೆ ಬಿಟ್ಟು ಎಳೆತ ಕಳೆದುಕೊಳ್ಳುತ್ತದೆ. ಆ ಕಪ್ಪು ಹೊಗೆಗೂ ಟರ್ಬೋ ಬದಲಿಸಿದ ಬಿಲ್ಲುಗಳಿವೆ. ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ ಎಂದು ಧೈರ್ಯ ಹೇಳುವವರು ಇನ್ನೊಂದು ಕಡೆ. ಆ ಪರೀಕ್ಷೆ ಪೆಟ್ರೋಲ್ ಕಾರಿನಲ್ಲಿ ಕಾರ್ಬನ್ ಮೋನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತದೆ, ಡೀಸೆಲ್ ಕಾರಿನಲ್ಲಿ ಹೊಗೆಯ ದಟ್ಟಣೆ ಅಳೆಯುತ್ತದೆ. ಬೆಳಿಗ್ಗೆ ಎರಡು ನಿಮಿಷ ನೀಲಿ ಹೊಗೆ ಬಿಟ್ಟು ಸುಮ್ಮನಾಗುವ ಕಾರು ಮಧ್ಯಾಹ್ನ ಬಿಸಿ ಎಂಜಿನ್ನಿನಲ್ಲಿ ಸಲೀಸಾಗಿ ಸರ್ಟಿಫಿಕೇಟ್ ಪಡೆಯಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಂತೂ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಹೊಗೆಯ ಬಹುಪಾಲನ್ನು ತಾನೇ ನುಂಗುತ್ತದೆ. ಹೊಗೆ ಕಾಣದೆಯೂ ಆಯಿಲ್ ಖಾಲಿಯಾಗುತ್ತಿರುತ್ತದೆ, ಅದರ ಬೂದಿ ಫಿಲ್ಟರ್ ತುಂಬುತ್ತಿರುತ್ತದೆ. ಇಂಥ ಕಾರಿನಲ್ಲಿ ಕಣ್ಣಿಗಿಂತ ಡಿಪ್‌ಸ್ಟಿಕ್ ನಂಬಬೇಕು. ಪೇಟೆಯೊಳಗೇ ಓಡಾಡಿ ಡಿಪಿಎಫ್ ತನ್ನ ಮಸಿಯನ್ನು ಸುಡುವ ಶುದ್ಧೀಕರಣ ಅರ್ಧಕ್ಕೆ ನಿಲ್ಲುತ್ತಿದ್ದರೆ ಡೀಸೆಲ್ ಆಯಿಲಿಗೆ ಸೇರಿ ಮಟ್ಟ ಏರುವುದೂ ಉಂಟು. ಏರಿದ ಮಟ್ಟ ಒಳ್ಳೆಯ ಸುದ್ದಿಯಲ್ಲ.

"ಕಂಪ್ರೆಷನ್ ನೋಡಿದೆವು, ಚೆನ್ನಾಗಿದೆ, ಹಾಗಾಗಿ ಟರ್ಬೋನೇ" ಎನ್ನುವ ವಾದ ಸ್ವಲ್ಪ ಓದಿಕೊಂಡವರದ್ದು. ಅದೂ ನಿಲ್ಲುವುದಿಲ್ಲ. ಕಂಪ್ರೆಷನ್ ಹಿಡಿಯುವುದು ಮುಖ್ಯವಾಗಿ ಮೇಲಿನ ರಿಂಗ್‌ಗಳು. ಗೋಡೆಯ ಆಯಿಲನ್ನು ಕೆರೆದು ಕೆಳಗಿಳಿಸುವುದು ಮೂರನೆಯ ಆಯಿಲ್ ರಿಂಗ್. ಅದು ಮಸಿ ಕಟ್ಟಿ ಅಂಟಿಕೊಂಡರೂ ಗೇಜ್ ಮುಳ್ಳು ನೆಟ್ಟಗೇ ನಿಲ್ಲುತ್ತದೆ, ಆಯಿಲ್ ಮಾತ್ರ ಸುಡುತ್ತಲೇ ಇರುತ್ತದೆ. 2009ರಿಂದ 2011ರ ನಡುವಿನ ಕೆಲವು ಆಡಿ ಎ4, ಎ5 ಕಾರುಗಳ 2.0 ಲೀಟರ್ ಟರ್ಬೋ ಪೆಟ್ರೋಲ್ ಎಂಜಿನ್ ಆಯಿಲ್ ಕುಡಿಯುತ್ತದೆ ಎಂದು ಅಮೆರಿಕದ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು, ಕಂಪನಿ ರಾಜಿಗೆ ಬಂತು. ಆ ಎಂಜಿನ್‌ಗಳ ದುರಸ್ತಿಯಲ್ಲಿ ಮೊದಲು ಆಯಿಲ್ ಎಷ್ಟು ಖರ್ಚಾಗುತ್ತದೆ ಎಂದು ಅಳೆದರು, ಬೇಕಾದಲ್ಲಿ ಪಿಸ್ಟನ್ನನ್ನೂ ರಿಂಗನ್ನೂ ಬದಲಿಸಿದರು. ಟರ್ಬೋ ಇದ್ದಲ್ಲೇ ಇತ್ತು. ಅದೇ ದೇಶದ ಶೆವರ್ಲೆ ಕ್ರೂಜ್ 1.4 ಟರ್ಬೋದಲ್ಲಿ ತೊಂದರೆ ಕೊಟ್ಟದ್ದು ಇನ್ನೂ ಸಣ್ಣ ವಸ್ತು: ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಬೆರಳ ತುದಿಯಷ್ಟು ರಬ್ಬರ್ ಚೆಕ್ ವಾಲ್ವ್, ಮತ್ತು ಚೇಂಬರ್‌ನ ಆವಿಯನ್ನು ಹದದಲ್ಲಿಡುವ, ವಾಲ್ವ್ ಕವರಿನಲ್ಲಿ ಹರಿದ ಪಿಸಿವಿ ಪರದೆ.

ಪಿಸಿವಿ ಪರದೆ ಹರಿದಿದೆಯೇ ಎಂದು ನೋಡಲು ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಕ್ಯಾಪ್ ಎತ್ತಿ ನೋಡಿದರೆ ಸಾಕಷ್ಟು ತಿಳಿಯುತ್ತದೆ: ಕ್ಯಾಪ್ ಬಿಡಿಸಲಾಗದಷ್ಟು ಒಳಕ್ಕೆ ಎಳೆದರೆ, ಸಿಳ್ಳೆ ಹೊಡೆದರೆ ಅಲ್ಲಿದೆ ರೋಗ. ಸಿಲಿಂಡರ್‌ಗೆ ಗಾಳಿ ತುಂಬಿ ಮಾಡುವ ಲೀಕ್‌ಡೌನ್ ಟೆಸ್ಟ್‌ನಲ್ಲಿ ಗಾಳಿ ಡಿಪ್‌ಸ್ಟಿಕ್ ಕೊಳವೆಯಿಂದ ಬುಸುಗುಟ್ಟಿದರೆ ರಿಂಗ್, ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಇವೆಲ್ಲ ಟರ್ಬೋ ಬೆಲೆಯ ಮುಂದೆ ಚಿಲ್ಲರೆ ಖರ್ಚು.

ಟರ್ಬೋ ಕೆಡುವುದೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಕೆಡುತ್ತದೆ. ಆದರೆ ಅದು ತಾನಾಗಿ ಸಾಯುವುದು ಅಪರೂಪ, ಸಾಯಿಸಲಾಗುತ್ತದೆ. ಕೊಳೆತ ಆಯಿಲ್, ತಡವಾದ ಆಯಿಲ್ ಚೇಂಜ್, ಹೆದ್ದಾರಿಯಲ್ಲಿ ಓಡಿಸಿ ಬಂದು ಆ ಕ್ಷಣವೇ ಕೀ ತಿರುಗಿಸಿ ಒಳಗಿನ ಆಯಿಲನ್ನು ಮಸಿಯಾಗಿಸುವ ಚಾಳಿ, ಒಳಹೋದ ಧೂಳು ಇವೇ ಕೊಲೆಗಾರರು. ಇದರ ಪಾಠ ಯುರೋಪಿನಲ್ಲಿ ಎಂದೋ ಆಗಿದೆ. ಪ್ಯೂಜೊ, ಸಿಟ್ರೊಯೆನ್, ಫೋರ್ಡ್, ವೋಲ್ವೊ ಕಾರುಗಳು ಹಂಚಿಕೊಂಡ 1.6 ಲೀಟರ್ ಎಚ್‌ಡಿಐ ಡೀಸೆಲ್‌ನಲ್ಲಿ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರಿ, ಮಸಿ ಆಯಿಲಿಗೆ ಸೇರಿ, ಟರ್ಬೋಗೆ ಆಯಿಲ್ ಒಯ್ಯುವ ಪೈಪಿನ ಬೋಲ್ಟ್‌ನಲ್ಲಿದ್ದ ಪುಟ್ಟ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಆಯಿಲ್ ಸಿಗದೆ ಟರ್ಬೋ ಸುಟ್ಟುಹೋಗುತ್ತಿತ್ತು. ಚೇಂಬರ್ ಬಿಚ್ಚಿ ತೊಳೆಯದೆ, ಆ ಪೈಪ್ ಬದಲಿಸದೆ, ಟರ್ಬೋಗೆ ಬರುವ ಆಯಿಲ್ ಪ್ರಮಾಣ ಅಳೆಯದೆ ಹೊಸ ಟರ್ಬೋ ಹಾಕಿದವರ ಕಾರಿನಲ್ಲಿ ಎರಡನೆಯದೂ ಸುಟ್ಟಿತು, ಮೂರನೆಯದೂ ಸುಟ್ಟಿತು. ಬ್ರಿಟನ್ನಿನ ಟರ್ಬೋ ಮಾರಾಟಗಾರರು ಈ ಕೆಲಸಗಳನ್ನು ಮಾಡದಿದ್ದರೆ ವಾರಂಟಿ ಇಲ್ಲ ಎಂದೇ ಷರತ್ತು ಹಾಕಿದರು. ನಮ್ಮಲ್ಲಿ ಟರ್ಬೋ ಬದಲಿಸುವಾಗ ಹಳೆಯ ಆಯಿಲ್ ಪೈಪನ್ನೇ ಒರೆಸಿ ಮತ್ತೆ ಕೂರಿಸುವವರಿಗೆ ಏನೆನ್ನಬೇಕು?

ಟರ್ಬೋ ಬದಲಿಸಲು ದುಡ್ಡಿಲ್ಲ ಎಂದರೆ ಇನ್ನೊಂದು ಸಲಹೆ ಬರುತ್ತದೆ: "ದಪ್ಪ ಆಯಿಲ್ ಹಾಕಿ ಓಡಿಸಿ." ಚಳಿಯ ಬೆಳಿಗ್ಗೆ 2 ಲಕ್ಷ ಸುತ್ತಿನ ಬೇರಿಂಗ್‌ಗೆ ತಡವಾಗಿ ತಲುಪುವ ದಪ್ಪ ಆಯಿಲ್, ಡಿಪಿಎಫ್‌ಗೆ ಒಗ್ಗದ ಆಯಿಲ್, ಅದರ ಮೇಲೊಂದು ಬಾಟಲಿ ಹೊಗೆ ನಿಲ್ಲಿಸುವ ಔಷಧಿ. ಹೊಗೆ ಸ್ವಲ್ಪ ದಿನ ತಗ್ಗುತ್ತದೆ, ಕಾರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೈ ಬದಲಾಗುವಷ್ಟು ದಿನ.

ಇವೆಲ್ಲಕ್ಕಿಂತ ಅಪಾಯದ ಮಾತು, "ಟರ್ಬೋ ಗಾಡಿ ಅಂದ್ಮೇಲೆ ಸ್ವಲ್ಪ ಆಯಿಲ್ ಕುಡಿಯುತ್ತೆ, ಸುಮ್ನೆ ಓಡಿಸಿ" ಎನ್ನುವುದು. 1000 ಕಿಲೋಮೀಟರ್‌ಗೆ ಅರ್ಧ ಲೀಟರ್‌ವರೆಗೆ ಸಹಜ ಎಂದು ಫೋಕ್ಸ್‌ವ್ಯಾಗನ್‌ನಂಥ ಕಂಪನಿಯ ಮ್ಯಾನುಯಲ್ಲೇ ಬರೆಯುತ್ತದೆ. ಗ್ಯಾರೇಜು ಅದನ್ನೇ ಗುರಾಣಿ ಮಾಡಿಕೊಳ್ಳುತ್ತದೆ. ಆದರೆ ಡೀಸೆಲ್ ಎಂಜಿನ್‌ಗೆ ಉರಿಯಲು ಸ್ಪಾರ್ಕ್ ಬೇಡ. ಕೆಟ್ಟ ಟರ್ಬೋ ಅಥವಾ ಬ್ರೀದರ್ ಸಾಕಷ್ಟು ಆಯಿಲನ್ನು ಒಳಕ್ಕೆ ಕಳಿಸಿದರೆ ಎಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು ತಾನಾಗಿ ವೇಗ ಏರಿಸುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗೇರಿನ ಕಾರಾದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಹಿಡಿದು ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿಸುವುದೊಂದೇ ಚಾಲಕನ ಕೈಯಲ್ಲಿರುವ ಉಪಾಯ. ಆಟೋಮ್ಯಾಟಿಕ್ ಆದರೆ ಇಳಿದು ದೂರ ಹೋಗಬೇಕು. "ಸುಮ್ನೆ ಓಡಿಸಿ" ಎಂದವರು ಇದನ್ನು ಹೇಳಿಕೊಟ್ಟಿದ್ದಾರೆಯೇ?

ಈ ಸ್ಥಿತಿ ಹೀಗೇ ಮುಂದುವರಿಯಲು ಕಾರಣ ಅಜ್ಞಾನ ಮಾತ್ರವಲ್ಲ, ಲೆಕ್ಕಾಚಾರ. ಪಾರ್ಟ್ ಮಾರಿದರೆ ಮಾರ್ಜಿನ್ ಇದೆ. ಎರಡು ಗಂಟೆ ಕೂತು ಹುಡುಕಿದರೆ ಏನಿದೆ? ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಬಾಕ್ಸ್ ತರಿಸಿ ಕೂರಿಸುವುದು ಸುಲಭ. ನೂರು ರೂಪಾಯಿಯ ಹೋಸ್ ಕಾರಣವೆಂದು ಕಂಡುಹಿಡಿದವನಿಗೆ ಸಿಗುವುದು ನೂರು ರೂಪಾಯಿಯ ಬಿಲ್ಲು. ಇದರಲ್ಲಿ ಮಾಲೀಕರೂ ಪಾಲುದಾರರು. ಅರ್ಧ ಲಕ್ಷದ ಟರ್ಬೋಗೆ ಮಾತಿಲ್ಲದೆ ಕಾರ್ಡ್ ಉಜ್ಜುವವರು, ಪರೀಕ್ಷೆಗೆ ಎರಡು ಸಾವಿರ ಎಂದರೆ "ನೋಡೋದಕ್ಕೂ ದುಡ್ಡಾ?" ಎಂದು ಹುಬ್ಬೇರಿಸುತ್ತಾರೆ. ಹುಡುಕುವ ಕೆಲಸಕ್ಕೆ ಕೂಲಿ ಕೊಡದ ಸಮಾಜಕ್ಕೆ ಊಹಿಸುವ ಮೆಕ್ಯಾನಿಕ್‌ಗಳೇ ಸಿಗುವುದು.

ಆದ್ದರಿಂದ ಬದಲಾಗಬೇಕಾದ್ದು ಎರಡೂ ಕಡೆ. ಗ್ಯಾರೇಜುಗಳು ಪರೀಕ್ಷೆಗೆ ಪ್ರತ್ಯೇಕ ದರ ಬರೆದು ಹಾಕಬೇಕು, ಮಾಲೀಕರು ಅದನ್ನು ಚೌಕಾಸಿಯಿಲ್ಲದೆ ಕೊಡಬೇಕು. ಐಟಿಐಗಳಲ್ಲಿ ಪಾರ್ಟ್ ಕಳಚಿ ಜೋಡಿಸುವುದರ ಜೊತೆಗೆ ದೋಷ ಹುಡುಕುವ ಕ್ರಮವನ್ನು ಪ್ರಾಯೋಗಿಕ ಪರೀಕ್ಷೆಯಾಗಿಯೇ ಕಲಿಸಬೇಕು. ಟರ್ಬೋ ಬದಲಿಸಿ ಎನ್ನುವ ಯಾವುದೇ ಎಸ್ಟಿಮೇಟ್ ಜೊತೆ ಒಂದು ಹಾಳೆ ಇರಲೇಬೇಕು: ಆಯಿಲ್ ಮಟ್ಟ ಎಷ್ಟಿತ್ತು, ಏರ್ ಫಿಲ್ಟರ್ ಹೇಗಿತ್ತು, ಬ್ರೀದರ್ ಮತ್ತು ಡ್ರೈನ್ ಪೈಪ್ ಬಿಚ್ಚಿ ನೋಡಿದರೇ, ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಎಷ್ಟು, ಮ್ಯಾನಿಫೋಲ್ಡ್ ಒಣಗಿತ್ತೇ ಒದ್ದೆಯಾಗಿತ್ತೇ, ಶಾಫ್ಟ್ ಅಳತೆ ಎಷ್ಟು. ಟರ್ಬೋ ನಿಜವಾಗಿಯೂ ಸತ್ತಿದ್ದರೆ ಯಾಕೆ ಸತ್ತಿತು ಎಂಬುದೂ ಅದೇ ಹಾಳೆಯಲ್ಲಿರಬೇಕು.

ಕಾನೂನೂ ಮಾಲೀಕನ ಬೆನ್ನಿಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನಿಗೆ ಸಂಬಂಧಿಸಿದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನು ಸೇವಾ ನ್ಯೂನತೆ ಎಂದೂ, ಬಿಲ್ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೂ ಗುರುತಿಸುತ್ತದೆ. ಪ್ರತಿ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆಯೂ ದೂರು ಕೊಡಬಹುದು. ಆದರೆ ದೂರಿಗೆ ಕಾಗದ ಬೇಕು. ಬಾಯಿಮಾತಿನ "ಟರ್ಬೋ ಹೋಗಿದೆ" ಅಲ್ಲಿ ನಿಲ್ಲುವುದಿಲ್ಲ.

ಹೊಗೆ ಬರುವ ಕಾರಿನ ಮಾಲೀಕರೇ, ಗ್ಯಾರೇಜಿಗೆ ಹೋಗುವ ಮುನ್ನ ಹೊಗೆ ಯಾವಾಗ, ಯಾವ ಬಣ್ಣದಲ್ಲಿ ಬರುತ್ತದೆಂದು ಬರೆದಿಡಿ, ಮೊಬೈಲಿನಲ್ಲಿ ಚಿತ್ರೀಕರಿಸಿ, ಡಿಪ್‌ಸ್ಟಿಕ್ ಮಟ್ಟ ಗುರುತು ಮಾಡಿ. ಪರೀಕ್ಷೆಯ ಹಾಳೆ ಕೈಗೆ ಬರುವ ತನಕ ಯಾವ ಎಸ್ಟಿಮೇಟ್‌ಗೂ ಸಹಿ ಹಾಕಬೇಡಿ. ಬದಲಿಸಿದ ಹಳೆಯ ಟರ್ಬೋವನ್ನು ಕೇಳಿ ಪಡೆಯಿರಿ. ಅದನ್ನು ಕೊಡಲು ಹಿಂಜರಿಯುವ ಗ್ಯಾರೇಜಿಗೆ ಮತ್ತೆ ಕಾಲಿಡಬೇಡಿ.